ಫೋಟೋದಲ್ಲಿ ಇಲ್ಲದವರು

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಟ್ಟು 144 ಫೋಟೋಗಳಿದ್ದವು. ಮೂವತ್ತಾರರ ನಾಲ್ಕು ರೋಲು. ಈ ಲೆಕ್ಕ ನನಗೆ ಇಂದಿಗೂ ಬಾಯಿಪಾಠ. ಏಕೆಂದರೆ ಅಪ್ಪ ರೈಲ್ವೆಯ ಅಕೌಂಟ್ಸ್ ವಿಭಾಗದಲ್ಲಿದ್ದವರು, ಮದುವೆಯ ಖರ್ಚನ್ನೆಲ್ಲ ಒಂದು ಕೆಂಪು ವಹಿಯಲ್ಲಿ ಬರೆದಿಟ್ಟಿದ್ದರು. ಹೂವಿನವನಿಗೆ ಇಷ್ಟು, ವಾಲಗದವರಿಗೆ ಇಷ್ಟು, ಫೋಟೋಗೆ ಇಷ್ಟು. 1993ರ ಮೇ ತಿಂಗಳು, ಡೊಂಬಿವಲಿಯ ಒಂದು ಮಂಗಲ ಕಾರ್ಯಾಲಯ. ‘ನಾಲ್ಕು ರೋಲಿನ ಮೇಲೆ ಒಂದು ಫೋಟೋ ಆದರೂ ನಾನು ಜವಾಬ್ದಾರನಲ್ಲ’ ಎಂದು ಅಪ್ಪ ಮೊದಲೇ ಹೇಳಿ, ಯಾರ ಯಾರ ಫೋಟೋ ಬರಲೇಬೇಕು ಎಂಬ ಒಂದು ಪಟ್ಟಿಯನ್ನೂ ಫೋಟೋಗ್ರಾಫರರ ಕೈಗೆ ಕೊಟ್ಟಿದ್ದರು. ಆ ಪಟ್ಟಿಯಲ್ಲಿ ಬೀಗರಿದ್ದರು, ಬೀಗರ ಬೀಗರಿದ್ದರು, ಅಪ್ಪನ ಆಫೀಸಿನ ಸಾಹೇಬರಿದ್ದರು, ಊರಿನಿಂದ ಬಂದ ಹಿರಿಯರಿದ್ದರು. ಅವ್ವನ ಹೆಸರಿರಲಿಲ್ಲ.

ಅಪ್ಪ ಬೇಕೆಂದು ಬಿಟ್ಟದ್ದಲ್ಲ. ಮನೆಯಾಕೆಯ ಹೆಸರನ್ನು ಪಟ್ಟಿಯಲ್ಲಿ ಬರೆಯಬೇಕು ಎಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಅವ್ವನಿಗೂ ಹೊಳೆದಿರಲಿಲ್ಲ. ನನಗಂತೂ ಆ ದಿನ ನನ್ನ ಸೀರೆ, ನನ್ನ ಬಾಸಿಂಗ, ನನ್ನ ಅಳು, ಇಷ್ಟೇ ಲೋಕ.

ಆಲ್ಬಮ್ ಬಂದ ಮೇಲೆ ನೋಡಿದರೆ 144ರಲ್ಲಿ ಅವ್ವ ಎರಡೇ ಫೋಟೋಗಳಲ್ಲಿ. ಒಂದು ಧಾರೆಯದು. ಅಪ್ಪನ ಪಕ್ಕದಲ್ಲಿ ನಿಂತು ನೀರು ಹಾಕುತ್ತಿದ್ದಾಳೆ, ತಲೆ ಬಾಗಿದೆ, ಸೆರಗು ಹಣೆಯವರೆಗೆ ಬಂದಿದೆ. ಕಾಣುವುದು ಕುಂಕುಮ ಮತ್ತು ಮೂಗಿನ ನತ್ತು. ಇನ್ನೊಂದು ಆರತಿಯದು. ಚಿತ್ರದ ಬಲತುದಿಯಲ್ಲಿ ತಟ್ಟೆ ಹಿಡಿದ ಎರಡು ಕೈ, ಅರ್ಧ ಮುಖ. ಉಳಿದರ್ಧ ಚೌಕಟ್ಟಿನ ಹೊರಗೆ.

ಫೋಟೋ ಕಾಕಾ

ಆ ಫೋಟೋಗಳನ್ನು ತೆಗೆದವರನ್ನು ಅಂಬರನಾಥದ ನಮ್ಮ ಜನರೆಲ್ಲ ‘ಫೋಟೋ ಕಾಕಾ’ ಎಂದೇ ಕರೆಯುತ್ತಿದ್ದರು. ಅವರ ಮನೆಯವರಿಗೆ ಹೆಸರು ಪತ್ರಿಕೆಯಲ್ಲಿ ಬರುವುದು ಇಷ್ಟವಿಲ್ಲ. ಆದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಗದಗಿನ ಕಡೆಯವರು, ಏಳನೆಯ ಇಯತ್ತೆಯವರೆಗೆ ಓದಿದವರು. ಎಪ್ಪತ್ತರ ದಶಕದಲ್ಲಿ ಇಲ್ಲಿಯ ಬೆಂಕಿಪೆಟ್ಟಿಗೆಯ ಕಾರ್ಖಾನೆಗೆ ಕೆಲಸಕ್ಕೆ ಬಂದರು. ಪಾಳಿ ಮುಗಿಸಿ ಬಂದು ಒಬ್ಬ ಮರಾಠಿ ಸ್ಟುಡಿಯೋದವರ ಹತ್ತಿರ ಕತ್ತಲೆ ಕೋಣೆಯ ಕೆಲಸ ಕಲಿತು, ಹಳೆಯದೊಂದು ಯಾಶಿಕಾ ಕ್ಯಾಮೆರಾ ಕೊಂಡರು. ಅದು ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಜಾತಿಯದು. ಒಂದು ರೋಲಿಗೆ ಹನ್ನೆರಡೇ ಚಿತ್ರ. ‘ಆ ಕ್ಯಾಮೆರಾದಾಗ ಫೋಟೋ ತಗೀಬೇಕಂದ್ರ ಎದುರಿನವ್ರಿಗೆ ಮೊದಲ ತಲಿ ಬಾಗಿಸಬೇಕು ನೋಡವಾ’ ಎಂದು ಅವರು ನಗುತ್ತಿದ್ದರು. ‘ಈಗಿನ ಕ್ಯಾಮೆರಾ ಕಣ್ಣಿಗೆ ಹಿಡದು ಬಂದೂಕಿನಂಗ ಗುರಿ ಇಡತಾವು.’

ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಬದಲಾಪುರಗಳ ಕನ್ನಡಿಗರ ಮದುವೆ, ಮುಂಜಿ, ಸೀಮಂತಗಳಿಗೆಲ್ಲ ಅವರೇ. ಮದುವೆಯಾದ ಜೋಡಿಯನ್ನು ನಮ್ಮ ಶಿವಾಲಯದ ಮುಂದೆ ನಿಲ್ಲಿಸಿ ಒಂದು ಚಿತ್ರ ತೆಗೆದು, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ‘1060ರ ಗುಡಿ, ಇಷ್ಟು ವರ್ಷ ನಿಂತೈತಿ. ಇದರ ಮುಂದ ನಿಂತ ಸಂಸಾರನೂ ನಿಲ್ಲಲಿ’ ಎನ್ನುವುದು ಅವರ ಲೆಕ್ಕ. ಮದುವೆ ಮನೆಯವರ ಜೊತೆ ಅವರ ಸ್ನೇಹ ಫೋಟೋದ ದುಡ್ಡು ಮುಟ್ಟಿದ ಮೇಲೆಯೇ ಶುರುವಾಗುತ್ತಿತ್ತು. ವರ್ಷದ ಮೇಲೆ ತೊಟ್ಟಿಲಿಗೆ ಬರುವರು, ಮಗುವಿನ ಜಾವಳಕ್ಕೆ ಬರುವರು, ಕೊನೆಗೆ ಮನೆಯ ಹಿರಿಯರು ತೀರಿಕೊಂಡಾಗ ಗೋಡೆಗೆ ಹಾಕುವ ಚಿತ್ರವನ್ನು ಹಳೆಯ ಗುಂಪು ಫೋಟೋದಿಂದ ಬೇರ್ಪಡಿಸಿ ದೊಡ್ಡದು ಮಾಡಿಕೊಡುವರು.

2003ರಲ್ಲಿ ಅವ್ವ ಹೋದಾಗ ಆ ಕೆಲಸ ಅವರಿಗೂ ಆಗಲಿಲ್ಲ. ಗೋಡೆಗೆ ಹಾಕಲು ಅವ್ವನ ಮುಖ ಇರಲಿಲ್ಲ. ಕೊನೆಗೆ ರೈಲ್ವೆ ಪಾಸಿಗಾಗಿ ಎಂದೋ ತೆಗೆಸಿದ, ಕಣ್ಣು ಬಿಟ್ಟು ಗಾಬರಿಯಿಂದ ನೋಡುವ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ಹಾಕಿದೆವು. ಅದು ನಮ್ಮವ್ವನ ಮುಖವೇ ಅಲ್ಲ. ನನ್ನ ಮನಸ್ಸಿನಲ್ಲಿ ಕಾಕಾರ ಮೇಲೆ ಒಂದು ಮುನಿಸು ಆಗಲೇ ಕೂತಿತು. ಅಪ್ಪನ ಸಾಹೇಬರ ಹೆಂಡತಿಗೆ ಐದು ಫೋಟೋ, ನನ್ನ ಹಡೆದವ್ವನಿಗೆ ಅರ್ಧ ಮುಖ!

ಆ ಮಂಗಳವಾರದ ಮಳೆ

2005ರ ಜುಲೈ 26 ಈ ಭಾಗದವರು ಮರೆಯುವ ದಿನವಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಎಂದು ಎಲ್ಲ ಪತ್ರಿಕೆಗಳಲ್ಲಿ ಬಂತು. ಇತ್ತ ಉಲ್ಹಾಸ ನದಿ, ವಾಲಧುನಿ ನದಿ ಎರಡೂ ಉಕ್ಕಿ ಬದಲಾಪುರ, ಅಂಬರನಾಥ, ಕಲ್ಯಾಣಗಳ ತಗ್ಗಿನ ಮನೆಗಳೆಲ್ಲ ನೀರಿನಲ್ಲಿ. ನಾವಿದ್ದದ್ದು ನೆಲಮಾಳಿಗೆಯ ಮಟ್ಟದ ಮನೆ. ಮಕ್ಕಳನ್ನೂ ಅತ್ತೆಯವರನ್ನೂ ಎರಡನೆಯ ಮಹಡಿಯ ಸಿಂಧಿ ಮನೆಯವರು ಕರೆದುಕೊಂಡರು. ಅಕ್ಕಿ, ಗ್ಯಾಸು, ಮಕ್ಕಳ ಪುಸ್ತಕ ಮೇಲೆ ಸಾಗಿಸುವಷ್ಟರಲ್ಲಿ ನೀರು ಮೊಣಕಾಲಿಗೆ ಬಂತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಆಲ್ಬಮ್ ನೆನಪಾದದ್ದು ಮರುದಿನ ಬೆಳಿಗ್ಗೆ.

ಮೂರನೆಯ ದಿನ ಕೆಸರು ತೆಗೆಯುತ್ತಿರುವಾಗ ಕಾಕಾ ಬಂದರು. ಮನೆ ಮನೆಗೂ ಹೋಗಿ ಒಂದೇ ಮಾತು ಹೇಳುತ್ತಿದ್ದರು: ‘ತೊಯ್ದ ಫೋಟೋ ಬಿಸಲಿಗೆ ಹಾಕಬ್ಯಾಡ್ರಿ, ಒಂದಕ್ಕೊಂದು ಅಂಟಿದ್ದನ್ನ ಕಿತ್ತಬ್ಯಾಡ್ರಿ. ಸ್ವಚ್ಛ ತಣ್ಣೀರಿನ ಬಕೀಟಿನ್ಯಾಗ ಇಡ್ರಿ, ನಾ ಬರ್ತೀನಿ.’ ಒಣಗಿದರೆ ಫೋಟೋದ ಮೇಲಿನ ಪದರು ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ನೀರಿನಲ್ಲಿದ್ದರೆ ಅದು ಮೆತ್ತಗಾಗಿ ತಾನಾಗಿ ಬಿಡುತ್ತದೆ. ಆದರೆ ಬಹಳ ಹೊತ್ತು ನೆನೆದರೆ ಬಣ್ಣವೇ ಕರಗಿ ಹೋಗುತ್ತದೆ. ಆ ವಾರವೆಲ್ಲ ಅವರ ಮನೆಯ ಪಡಸಾಲೆಯಲ್ಲಿ ಬಟ್ಟೆ ಒಣಹಾಕುವ ದಾರಗಳಿಗೆ ಚಿಮಟಿ ಹಾಕಿ ಊರಿನವರ ಮದುವೆಗಳೆಲ್ಲ ನೇತಾಡುತ್ತಿದ್ದವು. ಕನ್ನಡದವರವು, ಮರಾಠಿಯವರವು, ಸಿಂಧಿಗಳವು, ಮುಸಲ್ಮಾನರವು. ಯಾರದೋ ಅಂತರಪಟದ ಪಕ್ಕ ಯಾರದೋ ನಿಕಾಹ್. ಹಳೆಯ ಕಪ್ಪು ಬಿಳುಪು ಚಿತ್ರಗಳು ಬಹುಪಾಲು ಉಳಿದವು. ಬಣ್ಣದವು ಕೈಕೊಟ್ಟವು.

ನಮ್ಮ ಆಲ್ಬಮ್ಮಿನಲ್ಲಿ ಉಳಿದವು ಅರವತ್ತೊಂದು. ಧಾರೆಯ ಚಿತ್ರ ಹೋಗಿತ್ತು, ಕೆಂಪು ಹಳದಿ ಕಲೆಯೊಂದೇ ಉಳಿದಿತ್ತು. ಆರತಿಯ ಚಿತ್ರ ಉಳಿದಿತ್ತು. ಮತ್ತೆ ಅದೇ ಎರಡು ಕೈ, ಅರ್ಧ ಮುಖ. ಎರಡು ವರ್ಷ ಒಳಗಿಟ್ಟುಕೊಂಡದ್ದು ಆಗ ಹೊರಗೆ ಬಂತು. ನಾನು ಅವರ ಪಡಸಾಲೆಯಲ್ಲಿ ನಿಂತು, ನಾಲ್ಕು ಜನರ ಎದುರು, ಆಡಬಾರದ ಮಾತು ಆಡಿದೆ. ‘ದುಡ್ಡು ಕೊಡುವವರ ಮುಖವಷ್ಟೇ ನಿಮಗೆ ಕಾಣುತ್ತಿತ್ತು’ ಎಂದೆ.

ಕಾಕಾ ಕೈಯಲ್ಲಿದ್ದ ಚಿತ್ರವನ್ನು ದಾರಕ್ಕೆ ಸಿಕ್ಕಿಸಿದರು. ಆಮೇಲೆ ಹೇಳಿದರು:

‘ಹೌದು ತಂಗಿ, ತಪ್ಪು ನಂದೂ ಐತಿ. ನಿಮ್ಮಪ್ಪಾವ್ರು ಪಟ್ಟಿ ಕೊಟ್ಟಾಗ, ಇದರಾಗ ಅಕ್ಕಾರ ಹೆಸರ ಇಲ್ಲಲ್ರಿ ಅಂತ ನಾ ಕೇಳಬೇಕಿತ್ತು. ಕೇಳಲಿಲ್ಲ. ಆದ್ರ ಒಂದು ಮಾತು ನೀನೂ ಕೇಳು. ಗ್ರೂಪ್ ಫೋಟೋಕ್ಕ ನಾ ಎರಡು ಸಲ ಉಗ್ರಾಣದ ಬಾಗಲ ತನಕ ಹೋಗಿ ಕರದೆ. “ನನ್ನ ಫೋಟೋ ಯಾಕಪಾ, ಒಂದು ಫೋಟೋ ದಂಡ. ಬೀಗರ ಕಡಿಯವರದು ತಗೀ” ಅಂದ್ರು. ಸೊಂಟದಾಗ ಬೀಗದಕೈ ಗೊಂಚಲ ಇತ್ತು. ಬೂಂದಿ ಬುಟ್ಟಿ ಎಣಸಾಕತ್ತಿದ್ರು. ಆ ಚಿತ್ರ ಇನ್ನೂ ನನ್ನ ಕಣ್ಣಾಗ ಐತಿ. ಕ್ಯಾಮೆರಾದಾಗ ಇಲ್ಲ.’

ನನಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕಾಕೂ ಚಹಾ ತಂದರು. ಅವರೇ ಮೆಲ್ಲಗೆ ಹೇಳಿದರು: ಕಾಕಾರ ಸ್ಟುಡಿಯೋ ಕೂಡ ಮುಳುಗಿತ್ತು. ಮೂವತ್ತು ವರ್ಷಗಳ ನೆಗೆಟಿವ್‌ಗಳು ಮೂರು ಗೋಣಿಚೀಲ ತುಂಬಿ ಕಸದ ಗಾಡಿಗೆ ಹೋಗಿದ್ದವು. ಅದನ್ನು ಅವರು ಯಾರ ಮುಂದೆಯೂ ಹೇಳದೆ ಊರವರ ಫೋಟೋ ತೊಳೆಯುತ್ತಿದ್ದರು.

ಬಿ.ಎ. ಇಂಗ್ಲಿಷು ಉಪಯೋಗಕ್ಕೆ ಬಂದದ್ದು

ಮರುವರ್ಷ ಕಾಕಾ ಒಂದು ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮೈಸೂರಿನ ಟಿ.ಎಸ್. ಸತ್ಯನ್ ಅವರ ನೆನಪುಗಳ ಪುಸ್ತಕ, 2005ರಲ್ಲಿ ಬಂದದ್ದು, ಹೆಸರು ‘ಅಲೈವ್ ಅಂಡ್ ಕ್ಲಿಕಿಂಗ್’. ‘ನೀ ಇಂಗ್ಲಿಷ್ ಬಿ.ಎ. ಅಲ್ಲೇನವಾ, ಓದಿ ಕನ್ನಡದಾಗ ಹೇಳು’ ಎಂದರು. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಮಕ್ಕಳ ಹೋಂವರ್ಕಿಗೆ, ಸೊಸೈಟಿಯ ನೋಟಿಸಿಗೆ, ಬಿಟ್ಟರೆ ಬ್ಯಾಂಕಿನ ಫಾರ್ಮಿಗೆ ಬಿದ್ದಿತ್ತು. ವಾರಕ್ಕೆ ಎರಡು ಮಧ್ಯಾಹ್ನ, ಅತ್ತೆಯವರು, ಕಾಕೂ, ಕಾಕಾ ಕೂತು ಕೇಳುವರು, ನಾನು ಓದಿ ಹೇಳುವೆ. ಪಡಸಾಲೆಯಲ್ಲಿ ಆಡಿದ ಮಾತಿಗೆ ನಾನು ಕ್ಷಮೆ ಕೇಳಿದ್ದು ಬಾಯಿಯಿಂದಲ್ಲ, ಹೀಗೆ.

ಸತ್ಯನ್ ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ವಿದ್ಯಾರ್ಥಿ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಕೆಲಸ ಮಾಡಿ, ನಂತರ ನಮ್ಮ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿಗೆ ಬಂದರು. ಆಮೇಲೆ ಸ್ವತಂತ್ರವಾಗಿ ಕೆಲಸ ಮಾಡುತ್ತ, ಬ್ಲ್ಯಾಕ್ ಸ್ಟಾರ್ ಎಂಬ ಅಮೆರಿಕದ ಚಿತ್ರಸಂಸ್ಥೆಯ ಮೂಲಕ ಲೈಫ್, ಟೈಮ್‌ನಂಥ ಪತ್ರಿಕೆಗಳನ್ನು ತಲುಪಿದರು. ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್, ಎಚ್.ವೈ. ಶಾರದಾ ಪ್ರಸಾದ್ ಇವರೆಲ್ಲ ಮೈಸೂರಿನ ದಿನಗಳ ಗೆಳೆಯರು. ಆ ಗೆಳೆತನ ಕೆಲಸದಲ್ಲೂ ಮುಂದುವರಿಯಿತು. ಕರ್ನಾಟಕವನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದಕ್ಕೆ ಶಾರದಾ ಪ್ರಸಾದ್ ಬರೆದರು, ಸತ್ಯನ್ ಚಿತ್ರ ಕೊಟ್ಟರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ಸಂಸ್ಥೆ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಏರ್ಪಡಿಸಿತು.

ಇಷ್ಟು ದೊಡ್ಡವರನ್ನು ಕಂಡವರು, ಇಷ್ಟು ದೇಶ ತಿರುಗಿದವರು. ಆದರೆ ಅವರ ಹೆಸರು ನಿಂತದ್ದು ಸಾಮಾನ್ಯ ಜನರ ಚಿತ್ರಗಳಿಂದ. ಆಡುವ ಮಕ್ಕಳು, ದುಡಿಯುವ ಹೆಂಗಸರು, ಸಂತೆಯ ಮುದುಕರು. ವಿಶ್ವಸಂಸ್ಥೆಯ ಗೋಡೆಯ ಮೇಲೆ ಹೋದವು ಕೂಡ ಅಂಥವೇ ಮುಖಗಳು. ಕಾಕಾ ಇದನ್ನು ಕೇಳಿದ ದಿನ ಬಹಳ ಹೊತ್ತು ಸುಮ್ಮನಿದ್ದರು. ರದ್ದಿಯಂಗಡಿಯಿಂದ ಅವರು ಕೂಡಿಸಿಟ್ಟ ಹಳೆಯ ವೀಕ್ಲಿಗಳಲ್ಲಿ ನವದಂಪತಿಗಳ ಫೋಟೋಗಳಿಗೆಂದೇ ಒಂದು ಜಾಗವಿರುತ್ತಿತ್ತು. ಖುಷ್ವಂತ್ ಸಿಂಗ್ 1969ರಲ್ಲಿ ಸಂಪಾದಕರಾಗಿ ಬಂದ ಮೇಲೆ ಅದು ನಿಂತಿತು. ‘ನಾ ಆ ಪುಟ ನೋಡಿ ನೋಡಿ ಕಲತೆ. ಮದುಮಗನ ಟೈ ಹೆಂಗ, ಮದುಮಗಳ ಗದ್ದ ಹೆಂಗ ಅಂತ’ ಎಂದರು ಕಾಕಾ. ‘ಅದೇ ಪತ್ರಿಕೆಯಾಗ ಇವರೂ ಇದ್ರು ನೋಡು. ಇವರ ಪುಟ ನಾ ಹೊಳ್ಳಿಸಿಬಿಟ್ಟಿದ್ದೆ.’

ಆ ಓದು ಮುಗಿದ ಮೇಲೆ ಅವರು ಒಂದು ನಿಯಮ ಮಾಡಿಕೊಂಡರು. ಯಾವ ಮದುವೆಯಾದರೂ ಕೊನೆಯ ಎರಡು ಚಿತ್ರ ಹೆಣ್ಣಿನ ತಾಯಿಯದು. ಎಲ್ಲಿದ್ದರೆ ಅಲ್ಲಿ, ಹೇಗಿದ್ದರೆ ಹಾಗೆ. ಉಗ್ರಾಣದಲ್ಲಿ, ಒಲೆಯ ಮುಂದೆ, ಎಲ್ಲ ಮುಗಿದ ಮೇಲೆ ಕಂಬಕ್ಕೆ ಒರಗಿ ಕೂತಾಗ. ಅದರ ದುಡ್ಡು ಬಿಲ್ಲಿನಲ್ಲಿ ಸೇರಿಸುತ್ತಿರಲಿಲ್ಲ.

ಜರ್ಮನಿಯ ಅಜ್ಜಿ

2008ರಲ್ಲಿ ಕಾಕಾ, ಕಾಕೂ ಜರ್ಮನಿಗೆ ಹೋದರು. ಮಗಳ ಬಾಣಂತನ. ಮೂರು ತಿಂಗಳು. ‘ಸತ್ಯನ್‌ರೂ ಜರ್ಮನಿ ತಿರುಗಿ ಚಿತ್ರದ ಪುಸ್ತಕ ಮಾಡ್ಯಾರಲ್ಲ, ನಾನೂ ಒಂದು ಕೈ ನೋಡ್ತೀನಿ’ ಎಂದು ಹೊಸ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟರು. ಬಂದ ಮೇಲೆ ಅವರು ಹೇಳಿದ ಕಥೆಗಳಲ್ಲಿ ಊರು, ಕೋಟೆ, ಹಿಮ ಇವು ಕಡಿಮೆ. ಪದೇ ಪದೇ ಹೇಳಿದ್ದು ಒಬ್ಬ ಅಜ್ಜಿಯ ಕಥೆ.

ಮಗಳ ಮನೆಯ ಹತ್ತಿರದ ತೋಟದ ಬೆಂಚಿನ ಮೇಲೆ ದಿನಾ ಒಬ್ಬ ಅಜ್ಜಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಕಾಕಾ ಒಂದು ದಿನ ಕ್ಯಾಮೆರಾ ಎತ್ತಿದರು. ಅಜ್ಜಿ ಬೆರಳು ಅಲ್ಲಾಡಿಸಿದಳು. ಇವರು ಕ್ಯಾಮೆರಾ ಇಳಿಸಿ ಕೈ ಮುಗಿದರು. ಮನೆಗೆ ಬಂದು ಅಳಿಯನಿಗೆ ಹೇಳಿದರೆ, ಅಲ್ಲಿ ಅದಕ್ಕೊಂದು ಕಾನೂನೇ ಇದೆ ಎಂದು ತಿಳಿಯಿತು. 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರರು ಕಳ್ಳತನದಿಂದ ಒಳಗೆ ನುಗ್ಗಿ ಹೆಣದ ಫೋಟೋ ತೆಗೆದರು. ಅದರ ಗದ್ದಲ ದೊಡ್ಡದಾಗಿ, 1907ರಲ್ಲಿ ಒಂದು ಕಾಯಿದೆ ಬಂತು. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ, ಎಲ್ಲರೆದುರು ಪ್ರದರ್ಶಿಸುವಂತಿಲ್ಲ.

ಮರುದಿನ ಮಗಳನ್ನು ಕರೆದುಕೊಂಡು ಹೋಗಿ ಕಾಕಾ ಅಜ್ಜಿಯ ಒಪ್ಪಿಗೆ ಕೇಳಿದರು. ಅಜ್ಜಿ ಮರುಪ್ರಶ್ನೆ ಹಾಕಿದಳಂತೆ: ‘ಈ ಫೋಟೋ ಯಾರಿಗಾಗಿ?’

‘ನನ್ನ ಕಡೆ ಉತ್ತರ ಇರಲಿಲ್ಲ ತಂಗಿ’ ಎಂದರು ಕಾಕಾ. ‘ಮೂವತ್ತೈದು ವರ್ಷ ಫೋಟೋ ತಗದೀನಿ. ಯಾರಿಗಾಗಿ ಅಂತ ಒಬ್ರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಡೀಕ ಅಂದೆ, ನಿಮಗಾಗೇ ಅಜ್ಜಿ, ನಿಮಗೇ ಕಳಸ್ತೀನಿ.’ ಅಜ್ಜಿ ನಕ್ಕು, ಸೂಜಿ ಉಣ್ಣೆ ಬದಿಗಿಟ್ಟು, ಕೂದಲು ಸರಿಮಾಡಿಕೊಂಡು ಕೂತಳು. ‘ಸೂಜಿ ಕೈಯಾಗ ಇರಲಿ’ ಎಂದು ಇವರೇ ಹೇಳಬೇಕಾಯಿತು. ಅಂಬರನಾಥಕ್ಕೆ ಬಂದು ದೊಡ್ಡ ಪ್ರಿಂಟು ಮಾಡಿಸಿ ಅಂಚೆಯಲ್ಲಿ ಕಳಿಸಿದರು. ಆ ವರ್ಷದ ಕ್ರಿಸ್ಮಸ್ಸಿಗೆ ಅಲ್ಲಿಂದ ಒಂದು ಕಾರ್ಡು, ಜೊತೆಗೆ ಹೆಣೆದ ಕೈಗವಸು. ನಮ್ಮ ಅಂಬರನಾಥದ ಸೆಕೆಯಲ್ಲಿ ಕೈಗವಸು! ಕಾಕಾ ಅದನ್ನು ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಂಡು, ಲೆನ್ಸು ಸುತ್ತಿಡಲು ಉಪಯೋಗಿಸುತ್ತಿದ್ದರು.

ಸತ್ಯನ್ 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿ ಹೇಳಿದ್ದೂ ನಾನೇ. ಕಾಕಾ 2018ರಲ್ಲಿ ಹೋದರು. ಅವರ ಗೋಡೆಯ ಫೋಟೋ ಚೆನ್ನಾಗಿಲ್ಲ. ಊರಿನವರದೆಲ್ಲ ತೆಗೆದವರದು ತೆಗೆಯಲು ಯಾರೂ ಇರಲಿಲ್ಲ.

ನನ್ನ ಸರದಿ

2023ರಲ್ಲಿ ನಮ್ಮ ಮಗಳ ಮದುವೆಯಾಯಿತು. ನಾಲ್ಕು ಜನ ಹುಡುಗರು, ಮೂರು ಕ್ಯಾಮೆರಾ, ಮೇಲೆ ಹಾರುವ ಡ್ರೋನು. ಮದುವೆಗೆ ಮೊದಲೇ ಲೋಣಾವಳಾಕ್ಕೆ ಹೋಗಿ ಬೇರೆ ಫೋಟೋ. ಎಷ್ಟು ರೋಲು ಎಂದು ಕೇಳುವವರಿಲ್ಲ. ಒಟ್ಟು ಆರು ಸಾವಿರದ ಮೇಲೆ ಬಂದವು ಎಂದು ಪೆನ್‌ಡ್ರೈವ್ ಕೊಡುವಾಗ ಹೇಳಿದರು.

ಮುಹೂರ್ತವಾಗಿ, ಊಟದ ಪಂಕ್ತಿ ನಡೆದಿತ್ತು. ಒಬ್ಬ ಹುಡುಗ ಬಂದು ‘ಆಂಟಿ, ಒಂದು ಫೋಟೋ’ ಎಂದ. ನಾನು ಅಡುಗೆಯವರ ಹತ್ತಿರ ಹೋಳಿಗೆ ಎಷ್ಟು ಉಳಿದಿವೆ ಎಂದು ಎಣಿಸುತ್ತಿದ್ದೆ. ‘ನಂದೇಕಪ್ಪ, ಆ ಹುಡುಗನ ಕಡೆಯವರದು ತೆಗೆ ಹೋಗು’ ಎಂದುಬಿಟ್ಟೆ.

ಹೇಳಿದ ಮೇಲೆ ನನಗೇ ಕೇಳಿಸಿತು, ಅದು ಯಾರ ಮಾತು ಎಂದು. ಹುಡುಗ ಆಗಲೇ ಹೊರಟಿದ್ದ. ಕಾಕಾ ಆಗಿದ್ದರೆ ಎರಡನೆಯ ಸಲ ಬರುತ್ತಿದ್ದರು. ಇವನು ಬರುವವನಲ್ಲ, ಅವನಿಗೆ ಇನ್ನೂ ಎಷ್ಟೋ ಕೆಲಸ. ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿದವಳು ಹಾಗೆಯೇ ಓಡಿ, ಅವನ ತೋಳು ಹಿಡಿದು ವಾಪಸು ಕರೆತಂದೆ. ‘ಇಲ್ಲಿಯೇ ತೆಗೆ. ಈ ಹೋಳಿಗೆ ಬುಟ್ಟಿಯೂ ಬರಲಿ’ ಎಂದೆ. ಅವನಿಗೆ ವಿಚಿತ್ರವೆನಿಸಿತೋ ಏನೋ. ತೆಗೆದ. ಮುಖದ ಮೇಲೆ ಬೆವರು, ಹಣೆಗೆ ಅಂಟಿದ ಕೂದಲು, ಕೈಗೆ ತುಪ್ಪ. ಆರು ಸಾವಿರದಲ್ಲಿ ಮಗಳು ದೊಡ್ಡದು ಮಾಡಿಸಿಕೊಂಡು ಹೋದದ್ದು ತನ್ನ ಎರಡು ಫೋಟೋ, ಮತ್ತು ಇದು.

ಓದುಗ ಬಾಂಧವರಲ್ಲಿ ಒಂದೆರಡು ವಿನಂತಿ. ನಿಮ್ಮ ಹಳೆಯ ಆಲ್ಬಮ್ಮುಗಳನ್ನು ಕಪಾಟಿನ ಕೆಳಗಿನ ಖಾನೆಯಿಂದ ಮೇಲಿನ ಖಾನೆಗೆ ಸಾಗಿಸಿ, ನಮ್ಮೂರಿನ ಮಳೆಯ ಭರವಸೆಯಿಲ್ಲ. ಅಂಟುಹಾಳೆಯ ಆಲ್ಬಮ್ ಆಗಿದ್ದರೆ ಚಿತ್ರಗಳನ್ನು ಮೆಲ್ಲಗೆ ಬಿಡಿಸಿ ಕಾಗದದ ಲಕೋಟೆಯಲ್ಲಿಡಿ, ಆ ಅಂಟು ಕಾಲಕ್ರಮದಲ್ಲಿ ಚಿತ್ರವನ್ನು ತಿನ್ನುತ್ತದೆ. ಹಿರಿಯರು ಇರುವಾಗಲೇ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿಸಿಕೊಳ್ಳಿ. ಮತ್ತು ಮನೆಯಲ್ಲಿ ಮುಂದಿನ ಮದುವೆಗೆ ಫೋಟೋದವರಿಗೆ ಪಟ್ಟಿ ಕೊಡುವಾಗ, ಪಟ್ಟಿ ಬರೆಯುತ್ತಿರುವವರು ಯಾರು, ಆ ಹೊತ್ತಿಗೆ ಒಳಗೆ ಅಡುಗೆಮನೆಯಲ್ಲಿ ಯಾರಿದ್ದಾರೆ, ಒಮ್ಮೆ ನೋಡಿ ಆ ಹೆಸರನ್ನೂ ಸೇರಿಸಿ.

ಅವ್ವನ ಆ ಅರ್ಧ ಚಿತ್ರವನ್ನು ನಾನು ಈಚೆಗೆ ಚೌಕಟ್ಟು ಹಾಕಿಸಿದೆ. ರೈಲ್ವೆ ಪಾಸಿನ ಚಿತ್ರ ತೆಗೆದು ಇದನ್ನು ಗೋಡೆಗೆ ಹಾಕಿದ್ದೇನೆ. ಎರಡು ಕೈ, ಆರತಿ ತಟ್ಟೆ, ಅರ್ಧ ಮುಖ. ಅಂಗಡಿಯವನು, ಈಗ ಕಂಪ್ಯೂಟರಿನಲ್ಲಿ ಉಳಿದರ್ಧ ಮುಖ ಮಾಡಿಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಬೇಡ ಎಂದೆ. ನನಗೆ ಗೊತ್ತಾಗುತ್ತದೆ.